ನೆಲವ್ವ ಉಸಿರು ಹಿಡಿದ ದಿಬ್ಬ

ಲೋಕದ ಹಸಿ ಇನ್ನೂ ಆರಿರದ ಕಾಲ ಅದು. ಬೆಟ್ಟಗಳು ತಾವು ಎಲ್ಲಿ ಕೂರಬೇಕೆಂದು ಜಗಳವಾಡುತ್ತಿದ್ದವು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಹೊರಟ ಕಡೆಗೇ ತಿರುಗಿ ಬರುತ್ತಿದ್ದವು. ಕೂತಲ್ಲಿ ಕೂರುವ ಸಮಾಧಾನ ಯಾರಿಗೂ ಇರಲಿಲ್ಲ.

ಮಾತುಗಳೂ ಆಗ ಹೊಸವು. ಒಂದು ಮಾತಿಗೆ ಒಂದೇ ಅರ್ಥ. ‘ಕೈ ಕೊಟ್ಟ’ ಅಂದರೆ ಕೈ ಚಾಚಿದ ಅಂತಲೇ. ಮೋಸ ಮಾಡಿದ ಅಂತ ಯಾರೂ ತಿಳಿಯುತ್ತಿರಲಿಲ್ಲ. ಊರೂರು ತಿರುಗಿದವರು ಮಾತ್ರ ಮಾತನ್ನು ಸೊಟ್ಟ ಮಾಡಿ ಆಡುವುದನ್ನು ಕಲಿಯುತ್ತಿದ್ದರು. ಇದನ್ನು ನೆನಪಿಟ್ಟುಕೋ ಮಗೂ, ಮುಂದೆ ಬೇಕಾಗುತ್ತದೆ.

ಈಗ ಜೋಳ ತೂಗಾಡುವ ಈ ಬಯಲು ಆಗ ಕಡಲಿನ ತಳವಾಗಿತ್ತು. ಮೇಲೆ ಸೂರ್ಯ ಬಿಸಿಲನ್ನು ಬುತ್ತಿ ಕಟ್ಟಿ ಹಂಚುತ್ತಿದ್ದ. ಅದನ್ನು ಪಾಚಿ ತಿಂದಿತು, ಪಾಚಿಯನ್ನು ಮೀನು ತಿಂದಿತು, ಮೀನನ್ನು ದೊಡ್ಡ ಮೀನು ತಿಂದಿತು. ತಳಕ್ಕೆ ಮಾತ್ರ ಆ ಬುತ್ತಿ ಮುಟ್ಟುತ್ತಲೇ ಇರಲಿಲ್ಲ. ಅಲ್ಲಿ ಕತ್ತಲು, ಚಳಿ, ಕೆಸರು. ಮೇಲಿನವರು ಉಂಡು ಉದುರಿಸಿದ ಅಗುಳೇ ಅಲ್ಲಿಯವರಿಗೆ ಊಟ.

ಆ ತಳದಲ್ಲಿ ಚಿಪ್ಪವ್ವ ಇದ್ದಳು. ಮೈಗೆ ಎರಡು ಕದ, ನಡೆಯಲು ಒಂದೇ ಕಾಲು. ಇದ್ದ ಒಂದು ಕಾಲಿಗೂ ಚಕ್ರ ಕಟ್ಟಿಕೊಂಡು ಹುಟ್ಟಿದ್ದಳು ಅಂತ ಎಲ್ಲರೂ ನಗುತ್ತಿದ್ದರು. ನಗುವವರಿಗೇನು? ಅವಳ ಹಿಂದೆ ಮರಿಗಳ ಹಿಂಡೇ ಇತ್ತು, ಹಿಂಡಿಗೆಲ್ಲ ಹಸಿವಿತ್ತು.

ಒಂದು ಕಡೆ ಕಾಲೂರುವಳು, ಕೆಸರು ಕೆದಕುವಳು, ಏನೂ ಸಿಗದು. “ಇಲ್ಲಲ್ಲ, ಇನ್ನೊಂದೀಟು ಮುಂದ,” ಅನ್ನುವಳು. ಮರಿಗಳು ಏಳುವವು, ನಡೆಯುವವು. ಮತ್ತೆ ಕಾಲೂರುವಳು, ಮತ್ತೆ ಕೆದಕುವಳು. “ಇಲ್ಲಲ್ಲ, ಇನ್ನೊಂದೀಟು ಮುಂದ.” ನಿದ್ದೆಯಲ್ಲೂ ಅವಳ ಕಾಲು ಆಡುತ್ತಲೇ ಇರುತ್ತಿತ್ತು.

ಕಡಲಪ್ಪ ಅವಳನ್ನು ಕಂಡಾಗಲೆಲ್ಲ ಮಾತಾಡಿಸುತ್ತಿದ್ದ. ಅವನೂ ನಿಂತಲ್ಲಿ ನಿಲ್ಲುವವನಲ್ಲ.

“ಎಲ್ಲಿಗೆ ಹೊಂಟೀಬೇ ಚಿಪ್ಪವ್ವಾ?”

“ಹೊಟ್ಟಿ ತುಂಬೂ ಕಡೀಗೆ.”

“ಅದೆಲ್ಲೈತಿ?”

“ಗೊತ್ತಿದ್ರ ನಡೀತಿದ್ನೇನು? ಓಡತಿದ್ದೆ!”

ಕಡಲಪ್ಪ ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಅವನು ನಕ್ಕರೆ ಮೇಲೆ ತೆರೆ ಏಳುತ್ತಿತ್ತು. ಮಾತಿಗೆ ಮಾತು ಜೋಡಿಸುವುದನ್ನು, ಒಂದು ಅಂದು ಇನ್ನೊಂದು ತಿಳಿಸುವುದನ್ನು ಚಿಪ್ಪವ್ವ ಕಲಿತದ್ದು ಅವನಿಂದಲೇ. ಎಲ್ಲ ದಂಡೆಯ ಮಾತೂ ಅವನ ಬಾಯಲ್ಲಿತ್ತು. ಗುಟ್ಟು ಮಾತ್ರ ನಿಲ್ಲುತ್ತಿರಲಿಲ್ಲ. ಈ ದಂಡೆಯಲ್ಲಿ ಕೇಳಿದ್ದನ್ನು ಆ ದಂಡೆಯಲ್ಲಿ ಕೂಗಿ ಹೇಳುತ್ತಿದ್ದ.

ಹೀಗೆ ನಡೆಯುತ್ತ ನಡೆಯುತ್ತ ಒಮ್ಮೆ ಚಿಪ್ಪವ್ವನಿಗೆ ಒಂದು ಸದ್ದು ಕೇಳಿಸಿತು.

ಬುಳು ಬುಳು ಬುಳು.

ನೆಲದಲ್ಲಿ ಒಂದು ಬಿರುಕು. ಬಿರುಕಿನಿಂದ ಗುಳ್ಳೆಗಳು ಏಳುತ್ತಿದ್ದವು. ಹತ್ತಿರ ಹೋದರೆ ಅಯ್ಯಯ್ಯಪ್ಪ, ಏನು ನಾತ! ಕೊಳೆತ ಮೊಟ್ಟೆಯನ್ನು ಮೂಗಿನ ಮೇಲೇ ಒಡೆದಂಥ ನಾತ. ಮರಿಗಳು ಕದ ಪಟಪಟ ಮುಚ್ಚಿಕೊಂಡವು. ಚಿಪ್ಪವ್ವನೂ ತಿರುಗಿ ಓಡುವವಳೇ. ಆದರೆ ಬಿರುಕಿನೊಳಗಿಂದ ಒಂದು ದನಿ ಬಂತು.

“ಹೋಗು ತಂಗಿ, ಹೋಗು. ಎಲ್ಲಾರೂ ಹೋಗ್ತಾರ. ನನ್ನ ಉಸಿರು ಅಷ್ಟು ನಾರತೈತಿ.”

ಅದು ನೆಲವ್ವ. ಸತ್ತದ್ದು, ಬಿದ್ದದ್ದು, ಉದುರಿದ್ದು ಎಲ್ಲ ಕೊನೆಗೆ ಸೇರುವುದು ಅವಳ ಹೊಟ್ಟೆಗೇ. ಅದೆಲ್ಲ ಒಳಗೆ ಹುಳಿಯುತ್ತಿತ್ತು, ಕುದಿಯುತ್ತಿತ್ತು. ಅವಳು ಉಸಿರು ಬಿಟ್ಟರೆ ಸುತ್ತಲಿನವರೆಲ್ಲ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಪಾಪ, ಅವಳ ಹತ್ತಿರ ನಿಂತು ನಾಲ್ಕು ಮಾತಾಡಿದವರು ಲೋಕ ಹುಟ್ಟಿದಂದಿನಿಂದ ಒಬ್ಬರೂ ಇರಲಿಲ್ಲ.

ಚಿಪ್ಪವ್ವನಿಗೆ ಕರುಳು ಚುರ್ ಅಂತು. “ಹಸಿವಿಗಿಂತ ನಾತ ಮೇಲವ್ವಾ,” ಅಂದಳು. “ಕಾಲು ಸೋತೈತಿ. ಒಂದೀಟು ಕೂಡ್ತೀನಿ.”

ಕೂತಳು. ಆಗ ಬಿರುಕಿನ ಅಂಚಿನಲ್ಲಿ ಬಿಳಿ ಕಂಬಳಿ ಹಾಸಿದ ಹಾಗೆ ಏನೋ ಕಂಡಿತು. ಅದು ಕಂಬಳಿಯಲ್ಲ, ಸಣ್ಣಮಂದಿ. ಒಬ್ಬೊಬ್ಬರು ಕಣ್ಣಿಗೆ ಕಾಣದಷ್ಟು ಸಣ್ಣವರು, ಸೇರಿದರೆ ಕಂಬಳಿಯಷ್ಟು.

“ಯಕ್ಕಾ,” ಅಂದರು ಸಣ್ಣಮಂದಿ ಒಂದೇ ದನಿಯಲ್ಲಿ, “ಈ ಉಸಿರು ನಮಗ ಹಬ್ಬದ ಅಡಗಿ. ಬಿಸಲ ಬ್ಯಾಡ, ಬೆಳಕ ಬ್ಯಾಡ, ಈ ಉಸಿರಿನಾಗ ನಾವು ಒಲಿ ಹೂಡ್ತೀವಿ. ಆದ್ರ ನಮಗ ಮನಿ ಇಲ್ಲ, ನೀರು ಬಂದ್ರ ಹರಕೊಂಡ ಹೋಗ್ತೀವಿ. ನಿನ್ನ ಕದದೊಳಗ ಜಾಗ ಕೊಡು. ಕಾಲು ನಿಂದು, ಒಲಿ ನಮ್ದು.”

ಚಿಪ್ಪವ್ವ ಯೋಚಿಸುತ್ತ ಕೂರುವವಳಲ್ಲ. ಕದ ತೆರೆದಳು, ಸಣ್ಣಮಂದಿಯನ್ನು ಒಳಗೆ ಕರೆದಳು. ಬಿರುಕಿಗೆ ಕಾಲು ಇಳಿಸಿದಳು. ಕಾಲಿನಿಂದ ನೆಲವ್ವನ ಉಸಿರು ಏರಿತು, ಒಳಗೆ ಒಲೆ ಹತ್ತಿತು, ಸ್ವಲ್ಪ ಹೊತ್ತಿಗೆ ಚಿಪ್ಪವ್ವನ ಹೊಟ್ಟೆ ತುಂಬಿತು. ಮರಿಗಳೂ ಕಾಲು ಇಳಿಸಿದವು. ಅವುಗಳ ಹೊಟ್ಟೆಯೂ ತುಂಬಿತು. ಹುಟ್ಟಿದಂದಿನಿಂದ ಮೊದಲ ಸಲ ಅವು ಅಳದೆ ಮಲಗಿದವು.

ನಾರುವ ಜಾಗದ ಸುದ್ದಿ ಹೇಗೋ ಹಬ್ಬಿತು. ಹಸಿದವರು ಒಬ್ಬೊಬ್ಬರೇ ಬಂದರು. ಕೆಂಪು ರುಮಾಲು ಸುತ್ತಿದ ಕೊಳವಜ್ಜ ಬಂದ. ಅವನು ಕೊಳವೆಯೊಳಗೆ ಬಾಳುವ ಹುಳ. ಬಾಯಿಲ್ಲದಿದ್ದರೂ ಮಾತು ಬಲ್ಲವನು, ಒಮ್ಮೆ ಕಲ್ಲಿಗೆ ಬುಡ ಊರಿದರೆ ಏಳುವ ಜಾತಿಯಲ್ಲ. ಕರಿಚಿಪ್ಪಿನವರು ಬಂದರು, ನೂಲು ಹೊಸೆದು ತಮ್ಮನ್ನು ತಾವೇ ನೆಲಕ್ಕೆ ಬಿಗಿದುಕೊಂಡರು. ಶಂಖದ ಹುಳಗಳು ಬಂದು ಬಿಳಿ ಕಂಬಳಿಯ ಅಂಚು ಮೇಯುತ್ತ ಉಳಿದವು. ಅಡುಗೆ ಮುಗಿದ ಮೇಲೆ ಸಣ್ಣಮಂದಿ ಮುಸುರೆಯನ್ನು ಸುತ್ತಮುತ್ತ ಚೆಲ್ಲುತ್ತಿದ್ದರು. ಆ ಮುಸುರೆ ಗಟ್ಟಿಯಾಗಿ ಸುಣ್ಣದ ಕಲ್ಲಾಗುತ್ತಿತ್ತು. ಕೆಸರಿನ ನಡುವೆ ಕಲ್ಲಿನ ಕಟ್ಟೆ ಎದ್ದಿತು, ಕಟ್ಟೆಯ ಮೇಲೆ ಒಂದು ಊರು ಎದ್ದಿತು.

ಊರಿನ ನಡುವೆ ನೆಲವ್ವ ಉಸಿರು ಬಿಡುತ್ತಿದ್ದಳು. ಬುಳು ಬುಳು ಬುಳು. ಅವಳ ದನಿಯಲ್ಲಿ ಈಗ ನಗು ಸೇರಿತ್ತು.

ಇಷ್ಟಾದ ಮೇಲೆ ಚಿಪ್ಪವ್ವ ಸುಖವಾಗಿರಬೇಕಲ್ಲ? ಇರಲಿಲ್ಲ. ಹೊಟ್ಟೆ ತುಂಬಿತು, ಕಾಲಿನ ಚಡಪಡಿಕೆ ಹೋಗಲಿಲ್ಲ. ಮೊದಲು ಇಲ್ಲದ್ದಕ್ಕೆ ಚಡಪಡಿಸುತ್ತಿದ್ದವಳು ಈಗ ಇದ್ದದ್ದಕ್ಕೆ ಚಡಪಡಿಸಿದಳು. ಸ್ವಲ್ಪ ನೀರು ಅಲುಗಿದರೂ ಕದದ ಸಂದಿಯಿಂದ ಇಣುಕುವಳು. ಯಾರು ಬಂದರು? ಯಾಕೆ ಬಂದರು? ಮೇಲಿನವರಿಗೆ ಗೊತ್ತಾದರೆ? ದೊಡ್ಡ ಬಾಯಿಯ ಮೀನು ಬಂದರೆ, ಏಡಿಗಳ ದಂಡು ಬಂದರೆ, ನನ್ನ ಮರಿಗಳ ಗತಿ?

ಅಷ್ಟರಲ್ಲಿ ದೂರದಿಂದ ಕಡಲಪ್ಪನ ದನಿ ಕೇಳಿತು. “ಚಿಪ್ಪವ್ವಾ! ಕಾಣವಲ್ಲಿ! ಎಲ್ಲಿ ಅದೀ ಬೇ? ಹೊಟ್ಟಿ ತುಂಬೂ ಜಾಗ ಸಿಕ್ತೇನು?”

ಚಿಪ್ಪವ್ವ ಕದ ಬಿಗಿಯಾಗಿ ಮುಚ್ಚಿಕೊಂಡಳು. ಇವನಿಗೆ ಗೊತ್ತಾದರೆ ಏಳು ದಂಡೆಗೂ ಗೊತ್ತಾದಂತೆ. ಅವನು ಅತ್ತ ಹೋದ ಮೇಲೆ ಬಿರುಕಿಗೆ ಬಾಯಿ ಹಚ್ಚಿದಳು.

“ಯವ್ವಾ ನೆಲವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಈ ಜಾಗದ ಸುದ್ದಿ ಕಡಲಪ್ಪನ ಮುಂದಾಗಲಿ, ಯಾರ ಮುಂದಾಗಲಿ, ಉಸಿರು ಬಿಡಬ್ಯಾಡ. ಏನಾದ್ರೂ ಆಗಲಿ, ಉಸಿರು ಬಿಡಬ್ಯಾಡ.”

ನೆಲವ್ವನಿಗೆ ಖುಷಿಯಾಯಿತು. ಅವಳನ್ನು ಬೈದವರಿದ್ದರು, ತುಳಿದವರಿದ್ದರು. ಹೀಗೆ ಹತ್ತಿರ ಕೂತು ಏನಾದರೂ ಕೇಳಿಕೊಂಡವರು ಇವಳೊಬ್ಬಳೇ. ಕೇಳಿದ್ದನ್ನು ನಡೆಸದಿದ್ದರೆ ಹೇಗೆ?

“ನಿನ್ನ ಮಾತು ಮೀರೂದಿಲ್ಲ ತಂಗಿ,” ಅಂದಳು. ಆಮೇಲೆ ಉದ್ದಕ್ಕೆ ಒಂದು ಉಸಿರು ಎಳೆದುಕೊಂಡಳು. ಎಳೆದುಕೊಂಡದ್ದನ್ನು ಬಿಡಲಿಲ್ಲ.

ಬುಳು ಬುಳು. ಬುಳು. ಆಮೇಲೆ ಏನೂ ಇಲ್ಲ.

ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ. ಬಿರುಕಿನಲ್ಲಿ ಹಳೆಯ ಉಸಿರು ಸ್ವಲ್ಪ ಉಳಿದಿತ್ತು, ಅದರಲ್ಲೇ ಒಲೆ ಉರಿಯಿತು. ಅದೂ ತೀರಿತು. ಚಿಪ್ಪವ್ವನ ಒಳಗಿನ ಸಣ್ಣಮಂದಿ ಗೊಣಗಿದರು. “ಯಕ್ಕಾ, ಒಲಿ ಆರಾಕತ್ತೈತಿ. ಕಾಲು ಇನ್ನಷ್ಟು ಕೆಳಗ ಇಳಿಸು.” ಇಳಿಸಿದಳು. ಏನೂ ಬರಲಿಲ್ಲ. ಕಾಲು ಎಷ್ಟು ಉದ್ದವೋ ಅಷ್ಟನ್ನೂ ಚಾಚಿದಳು. ಏನೂ ಬರಲಿಲ್ಲ.

ಮರಿಗಳು ಮತ್ತೆ ಅಳತೊಡಗಿದವು. ಶಂಖದ ಹುಳಗಳು ಕಂಬಳಿಯ ಅಂಚಿನಿಂದ ಜಾರಿ ಬಿದ್ದವು. ಕರಿಚಿಪ್ಪಿನವರು ನೂಲು ಕಡಿದುಕೊಳ್ಳಲಾರದೆ ಕಟ್ಟಿದಲ್ಲೇ ಒದ್ದಾಡಿದರು. ಕೊಳವಜ್ಜನ ರುಮಾಲಿನ ಬಣ್ಣ ದಿನದಿನಕ್ಕೆ ಮಾಸುತ್ತ ಬಂತು.

ಚಿಪ್ಪವ್ವ ಸುಮ್ಮನೆ ಕೂತಳೇ? ಊರೆಲ್ಲ ಸುತ್ತಿದಳು. ಏಡಿ ಬಂದು ಬಿರುಕಿನ ಬಾಯಿ ಕಟ್ಟಿತೇನೋ ಅಂತ ನೋಡಿದಳು, ಏಡಿ ಇರಲಿಲ್ಲ. ಕಡಲಪ್ಪ ಮಾಟ ಮಾಡಿದನೇನೋ ಅಂತ ಶಪಿಸಿದಳು, ಅವನು ಎಲ್ಲೋ ದೂರದಲ್ಲಿದ್ದ. ಬಿರುಕಿನ ಬಾಯಿಗೆ ಬಂದು ಕಾಲಿನಿಂದ ನೆಲ ಬಡಿದಳು.

“ಯವ್ವಾ, ಏನಾತು? ಮಾತಾಡು!”

ನೆಲವ್ವ ಹೇಗೆ ಮಾತಾಡಬೇಕು? ಮಾತಾಡಿದರೆ ಉಸಿರು ಹೋಗುತ್ತದಲ್ಲ! ಅವಳು ಕೇಳಿಸಿಕೊಂಡಳು, ಮೈ ಬಿಗಿಹಿಡಿದಳು, ಸುಮ್ಮನಿದ್ದಳು. ಹೊಟ್ಟೆಯೊಳಗೆ ಉಸಿರು ಉಬ್ಬಿ ಉಬ್ಬಿ ನೋಯುತ್ತಿತ್ತು. ಆದರೂ ಕೊಟ್ಟ ಮಾತು ಕೊಟ್ಟ ಮಾತೇ.

ಚಿಪ್ಪವ್ವನಿಗೆ ಸಿಟ್ಟು ನೆತ್ತಿಗೇರಿತು. “ಸೊಕ್ಕು ಬಂತೇನು ನಿನಗ? ಹತ್ತಿರ ಕುಂತಿದ್ದಕ್ಕ ಸಸಾರ ಆತೇನು? ಆತು, ನಿನ್ನ ಹಂಗು ನನಗ್ಯಾಕ?” ಅವಳ ಕಾಲು ತುರಿಸಿತು. ಹಳೆಯ ಮಾತು ತಾನಾಗಿ ಬಾಯಿಗೆ ಬಂತು. “ನಡೀರಿ ಮಕ್ಕಳಾ. ಇಲ್ಲಲ್ಲ, ಇನ್ನೊಂದೀಟು ಮುಂದ.”

ಹೊರಟವಳು ಕೊಳವಜ್ಜನ ಮುಂದೆ ಹಾದುಹೋಗಬೇಕಾಯಿತು. ಅವನು ಅರ್ಧ ಕೊಳವೆಯೊಳಗೆ ಕುಸಿದಿದ್ದ.

“ಹೋಗವ್ವ,” ಅಂದ. “ನಿನಗ ಕಾಲೈತಿ. ನಮಗಿಲ್ಲ. ಬೈಯೂದಿಲ್ಲ ನಾ. ಹೋಗೂ ಮುಂದ ಒಂದು ಹೇಳು. ಆಕಿ ಸುಮ್ಮನಾಗೂ ಮುಂದ ನೀ ಆಕಿಗೆ ಏನಂದಿದ್ದಿ?”

“ನಾನೇನಂದೆ? ಸುದ್ದಿ ಹೊರಗ ಹೋಗಬಾರದು ಅಂದೆ.”

“ಹಂಗ ಅಂದಿಯೇನು? ಅದ ಮಾತಿನಾಗ?”

ಚಿಪ್ಪವ್ವ ನೆನಪು ಮಾಡಿಕೊಂಡಳು. “ಯಾರ ಮುಂದೂ ಉಸಿರು ಬಿಡಬ್ಯಾಡ ಅಂ...”



ಕೊಳವಜ್ಜ ನಿಟ್ಟುಸಿರು ಬಿಟ್ಟ. “ಆಕಿ ನಿನ್ನಂಗ ಊರೂರು ತಿರಗ್ಯಾಳೇನು ಚಿಪ್ಪವ್ವಾ? ಸೊಟ್ಟ ಮಾತು ಎಲ್ಲಿ ಕಲೀಬೇಕಾಕಿ? ನೀ ಬಿಡಬ್ಯಾಡ ಅಂದಿ. ಆಕಿ ಬಿಡವಲ್ಲಳು. ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು.”

ಚಿಪ್ಪವ್ವ ಬಿರುಕಿನ ಕಡೆ ತಿರುಗಿದಳು. ಸೊಕ್ಕು ಅಂದಳಲ್ಲ, ಹಂಗು ಅಂದಳಲ್ಲ! ಅವಳ ಒಂದು ಮಾತಿಗೋಸ್ಕರ ನೆಲವ್ವ ಅಲ್ಲಿ ಒಳಗೇ ಸಾಯುತ್ತಿದ್ದಳು. ಅವಳೊಂದಿಗೆ ಊರೂ ಸಾಯುತ್ತಿತ್ತು.

ಒಂದೇ ಕಾಲಿನಲ್ಲಿ ಅವಳು ಅಂದು ಓಡಿದ ಹಾಗೆ ಯಾವ ಚಿಪ್ಪೂ ಓಡಿದ್ದಿಲ್ಲ. ಬಿರುಕಿನ ಬಾಯಿಗೆ ಬಿದ್ದು ಕೂಗಿದಳು. “ಉಸಿರು ಬಿಡವ್ವಾ! ನಾ ತಪ್ಪಂದೆ! ಉಸಿರು ಬಿಡವ್ವಾ!”

ಕೂಗು ಒಳಗೆ ಹೋಗಲಿಲ್ಲ. ಯಾಕೆ ಗೊತ್ತೇ? ಸಣ್ಣಮಂದಿ ಚೆಲ್ಲಿದ ಮುಸುರೆ ಬಿರುಕಿನ ಒಳಗೂ ಇಳಿದು ಕಲ್ಲಾಗಿತ್ತು. ಉಸಿರಿನ ಗುಳ್ಳೆ ಏಳುತ್ತಿದ್ದಾಗ ದಾರಿ ತೆರೆದೇ ಇರುತ್ತಿತ್ತು. ಉಸಿರು ನಿಂತಂದಿನಿಂದ ಕಲ್ಲು ಬೆಳೆಯುತ್ತಲೇ ಇತ್ತು, ಚಿಪ್ಪವ್ವ ಸಿಟ್ಟಾಗಿ ಎದ್ದು ಹೋದ ಹೊತ್ತಿನಲ್ಲಿ ಬಾಯಿ ಕಟ್ಟಿತು. ಉಂಡ ಮನೆಯ ಬಾಗಿಲನ್ನು ಉಂಡವರ ಮುಸುರೆಯೇ ಮುಚ್ಚಿತ್ತು.

ಚಿಪ್ಪವ್ವ ತಡಕಿದಳು. ಒಂದು ಕಡೆ ಸಣ್ಣ ಸಂದು ಉಳಿದಿತ್ತು, ತನ್ನ ಕಾಲು ಹಿಡಿಯುವಷ್ಟು. ಅಲ್ಲಿ ಕಾಲು ತುರುಕಿದಳು. ಕೂಗಿದರೆ ಕೇಳದಿದ್ದರೂ ಕಾಲಿನಿಂದ ತಟ್ಟಿದರೆ ತಿಳಿದೀತು ಅಂತ ತಟ್ಟತೊಡಗಿದಳು. ಬಿಡು ಬಿಡು ಬಿಡು. ಕೆಳಗೆ ನೆಲವ್ವನ ಮೈ ಸ್ವಲ್ಪ ನಡುಗಿತು. ಕೇಳಿತೋ, ಬರೀ ನೋವೋ, ತಿಳಿಯಲಿಲ್ಲ.

ಮರಿಗಳು ಹಿಂದೆ ನಿಂತು ಅಳುತ್ತಿದ್ದವು. ಚಿಪ್ಪವ್ವ ಅವುಗಳ ಕಡೆ ನೋಡಿದಳು. ಆಮೇಲೆ, ಯಾವ ಗುಟ್ಟಿಗಾಗಿ ಇಷ್ಟೆಲ್ಲ ಆಯಿತೋ ಆ ಗುಟ್ಟನ್ನೇ ಕದ ತೆರೆದು ಕೂಗಿದಳು.

“ಕಡಲಪ್ಪಾ! ಇಲ್ಲಿ ಅದೀನಿ! ಹೊಟ್ಟಿ ತುಂಬೂ ಜಾಗ ಇಲ್ಲೇ ಇತ್ತು! ಬಾ, ನನ್ನ ಮಕ್ಕಳ್ನ ಕರಕೊಂಡ ಹೋಗು!”

ಕಡಲಪ್ಪ ಓಡಿ ಬಂದ. ಅವಳ ಸ್ಥಿತಿ ನೋಡಿ ಅವನಿಗೆ ನಗು ಬರಲಿಲ್ಲ. “ನೀನೂ ಬಾರವ್ವ,” ಅಂದ. “ಹೊತ್ಕೊಂಡ ಹೋಗ್ತೀನಿ. ಎಷ್ಟು ಕಡೆ ಬಿಟ್ಟು ನಡದೀ ನೀನು, ಇದೊಂದು ಹೆಚ್ಚೇನು?”

“ಮಾತು ನಂದು,” ಅಂದಳು ಚಿಪ್ಪವ್ವ. “ಆಡಿದಾಕಿ ನಾನು. ಹಿಂದಕ್ಕ ತಗೊಳ್ಳೂತನಕ ಕಾಲು ಕೀಳೂದಿಲ್ಲ.”

ದೊಡ್ಡ ಮರಿ ಅತ್ತಿತು. “ನಾವೆಲ್ಲಿ ಹೋಗೂನವ್ವಾ?”

“ನಾರೂ ಕಡೀಗೆ ಹೋಗ್ರಿ. ಎಲ್ಲಾರೂ ಮೂಗು ಮುಚ್ಚಿಕೊಂಡು ಯಾವ ಕಡಿಂದ ಓಡಿ ಬರ್ತಾರ, ಆ ಕಡೀಗೆ ಹೋಗ್ರಿ. ನೆಲವ್ವಗ ಇನ್ನೂ ಭಾಳ ಬಾಯಿ ಅದಾವ. ಸಿಗೂತನಕ ನಿಲ್ಲಬ್ಯಾಡ್ರಿ. ಸಿಕ್ಕ ಮ್ಯಾಲ ಆಕಿ ಕೂಡ ನೆಟ್ಟಗ ಮಾತಾಡ್ರಿ.”

ಕಡಲಪ್ಪ ಮರಿಗಳನ್ನು ಎತ್ತಿಕೊಂಡ. ಅವು ಹೋಗುತ್ತ ಹೋಗುತ್ತ ಕೂಗಿದವು. “ಅವ್ವಾ, ಇನ್ನೊಂದೀಟು ಮುಂದ ಬಾರವ್ವಾ!”

ಚಿಪ್ಪವ್ವ ಕಾಲನ್ನು ಸಂದಿಯೊಳಗೆ ಇನ್ನಷ್ಟು ಒತ್ತಿದಳು. “ಇಲ್ಲೇ,” ಅಂದಳು. ಕೊಳವಜ್ಜ ರುಮಾಲು ಒಳಗೆಳೆದುಕೊಂಡ. ಊರಿನವರೆಲ್ಲ ನೆಲವ್ವನ ಉಸಿರು ಬಂದಾಗ ತೆರೆಯೋಣವೆಂದು ಕದ ಮುಚ್ಚಿಕೊಂಡರು. ಚಿಪ್ಪವ್ವ ಎಲ್ಲರಿಗಿಂತ ಕೊನೆಗೆ ಮುಚ್ಚಿದಳು. ಕಾಲು ಮಾತ್ರ ತಟ್ಟುತ್ತಲೇ ಇತ್ತು.

ಇತ್ತ ನೆಲವ್ವನಿಗೆ ನೋವು ತಡೆಯಲಾಗಲಿಲ್ಲ, ಉಸಿರು ಮಾತ್ರ ಬಿಡಲಿಲ್ಲ. ಹಿಡಿದ ಉಸಿರು ಹೊಟ್ಟೆಯಲ್ಲಿ ಉಬ್ಬಿತು, ಹೊಟ್ಟೆಯ ಜೊತೆ ಕಡಲಿನ ತಳವೇ ಉಬ್ಬಿತು. ಉಬ್ಬಿತು, ಉಬ್ಬಿತು, ಮೇಲೆದ್ದಿತು. ಕಡಲಪ್ಪ ಜಾರಿ ಜಾರಿ ದೂರ ಸರಿದ. ಕೆಸರು ಒಣಗಿ ಮಣ್ಣಾಯಿತು, ಮಣ್ಣು ಮಳೆಗೆ ಕೊಚ್ಚಿಹೋಯಿತು. ಗಟ್ಟಿಯಾಗಿದ್ದ ಊರು ಮಾತ್ರ ಹೋಗಲಿಲ್ಲ. ಸುತ್ತ ಬಯಲು, ನಡುವೆ ಒಂಟಿ ದಿಬ್ಬವಾಗಿ ನಿಂತಿತು. ಆ ಬಾಯಿಯಿಂದ ನೆಲವ್ವ ಇವತ್ತಿನವರೆಗೂ ತಾನಾಗಿ ಉಸಿರು ಬಿಟ್ಟಿಲ್ಲ.

ಎಷ್ಟೋ ಕಾಲವಾದ ಮೇಲೆ ಸುಣ್ಣ ಸುಡುವವರು ಆ ದಿಬ್ಬಕ್ಕೆ ಕಲ್ಲೊಡೆಯಲು ಬಂದರು. ಅವರಲ್ಲಿ ಹುಲಿಗೆವ್ವ ಎಂಬ ಮುದುಕಿಯೊಬ್ಬಳು ಸುತ್ತಿಗೆ ಎತ್ತುವ ಮುಂಚೆ ದಿಬ್ಬಕ್ಕೆ ಕಿವಿಯಿಟ್ಟಳಂತೆ. ಒಳಗೆ ಯಾರೋ ತಟ್ಟುತ್ತಿದ್ದ ಹಾಗೆ ಕೇಳಿತಂತೆ. ಏನು ತಟ್ಟುತ್ತಿದ್ದರು ಅಂದರೆ, “ಬಿಡು ಅಂದಂಗಾತವ್ವ,” ಅಂದಳಂತೆ. ಅಂದಿನಿಂದ ಕಲ್ಲೊಡೆಯುವವರು ಮೊದಲ ಪೆಟ್ಟಿಗೆ ಮುಂಚೆ ದಿಬ್ಬ ಮುಟ್ಟಿ “ಉಸಿರು ಬಿಡವ್ವಾ” ಅನ್ನುತ್ತಾರೆ. ಯಾರ ಮಾತನ್ನು ತಾವು ಆಡುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲ, ಆದರೂ ಅನ್ನದೆ ಸುತ್ತಿಗೆ ಎತ್ತುವುದಿಲ್ಲ.

ನಿನ್ನೆ ನೀನೂ ನೋಡಿದೆಯಲ್ಲ ಮಗೂ, ಒಡೆದ ಕಲ್ಲಿನೊಳಗೆ ಎರಡೂ ಕದ ಮುಚ್ಚಿಕೊಂಡು ಕಾಲಿನ ಕಡೆ ಕೆಳಗೆ ಮಾಡಿ ನಿಂತ ಚಿಪ್ಪನ್ನು? ಕಡಲು ಇಲ್ಲದ ಊರಿನಲ್ಲಿ ಇದು ಹೇಗೆ ಬಂತು ಅಂತ ಕೇಳಿದೆ, ಕೊಳೆತ ಮೊಟ್ಟೆ ನಾತ ಅಂತ ಮೂಗೂ ಮುಚ್ಚಿಕೊಂಡೆ. ಇನ್ನೊಮ್ಮೆ ಮುಚ್ಚಿಕೊಳ್ಳಬೇಡ. ಚಿಪ್ಪವ್ವ ಹಿಂದಕ್ಕೆ ತೆಗೆದುಕೊಂಡ ಮಾತು ನೆಲವ್ವನಿಗೆ ಕಲ್ಲು ಎಷ್ಟು ಒಡೆದರೆ ಅಷ್ಟೇ ಕೇಳಿಸುತ್ತದೆ, ಅದಕ್ಕೇ ಆ ದಿಬ್ಬದ ಒಂದೊಂದು ಕಲ್ಲು ಸೀಳಿದಾಗಲೂ ಅವಳು ಅಂದು ಹಿಡಿದ ಉಸಿರನ್ನು ಇಂದಿಗೂ ಒಂದೊಂದೇ ಸಲ ಬಿಡುತ್ತಿದ್ದಾಳೆ.